ಒಂದೇ ಕುರ್ಚಿ, ಎರಡು ಕಾನೂನು

ಉತ್ತರ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್ಸ್‌ಪರ್ ಕ್ರೀಡಾಂಗಣದಲ್ಲಿ ಹುಲ್ಲಿನ ಅಂಗಳ ಮೂರು ತುಂಡಾಗಿ ದಕ್ಷಿಣ ಸ್ಟ್ಯಾಂಡಿನ ಅಡಿಗೆ ಸರಿದುಹೋಗುತ್ತದೆ. ಅದರ ಕೆಳಗೆ ಅಮೆರಿಕನ್ ಫುಟ್‌ಬಾಲಿಗೆಂದೇ ಹಾಸಿದ ಕೃತಕ ಹುಲ್ಲು ಇದೆ. 2019ರ ಅಕ್ಟೋಬರಿನಿಂದ ಅಲ್ಲಿ ಎನ್‌ಎಫ್‌ಎಲ್ ಪಂದ್ಯಗಳು ನಡೆಯುತ್ತಿವೆ. ಆ ದಿನಗಳಲ್ಲಿ ಪ್ರೇಕ್ಷಕರು ಬಿಯರ್ ಲೋಟ ಹಿಡಿದು ಕುರ್ಚಿಯಲ್ಲಿ ಕೂತು ಆಟ ನೋಡಬಹುದು. ಹುಲ್ಲು ಮತ್ತೆ ಮೇಲೆ ಬಂದು ಪ್ರೀಮಿಯರ್ ಲೀಗ್ ಪಂದ್ಯ ಶುರುವಾದರೆ, ಅದೇ ಕುರ್ಚಿಯಲ್ಲಿ ಅದೇ ಲೋಟ ಹಿಡಿದು ಕೂತ ಅದೇ ಮನುಷ್ಯ ಅಪರಾಧಿಯಾಗುತ್ತಾನೆ. ಮೂರು ತಿಂಗಳ ಸೆರೆವಾಸಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಬದಲಾದದ್ದು ಆಟ ಮಾತ್ರ. ಕಟ್ಟಡ, ಮೆಟ್ಟಿಲು, ಬಾಗಿಲು, ಕಾವಲಿನವರು, ಲೋಟದೊಳಗಿನ ಬಿಯರು ಯಾವುದೂ ಬದಲಾಗಿಲ್ಲ. ಅಪಾಯವನ್ನು ಸ್ಥಳ ಮತ್ತು ಸಂದರ್ಭ ನೋಡಿ ಅಳೆಯದೆ, ಇಂಥ ಆಟ ನೋಡುವವರು ಇಂಥವರು ಎಂಬ ತೀರ್ಮಾನದಿಂದ ಅಳೆಯುವ ಈ ಕಾನೂನು ತನ್ನ ಕಾಲ ಮುಗಿಸಿದೆ. ಅದಕ್ಕಿಂತ ಗಂಭೀರವಾದ ಮಾತೆಂದರೆ, ತಾನು ತಡೆಯಬೇಕಿದ್ದ ನೂಕುನುಗ್ಗಲನ್ನು ಅದು ಇಂದು ತಾನೇ ಉಂಟುಮಾಡುತ್ತಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಕ್ರೀಡಾಕೂಟಗಳ ಮದ್ಯ ನಿಯಂತ್ರಣ ಕಾಯ್ದೆ 1985ರ ಜುಲೈನಲ್ಲಿ ಬಂತು. ಅದಕ್ಕೆ ಐದು ವರ್ಷ ಮೊದಲು, 1980ರ ಮೇ ತಿಂಗಳಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಅಭಿಮಾನಿಗಳು ಕಪ್ ಫೈನಲ್ ಮುಗಿದೊಡನೆ ಅಂಗಳಕ್ಕಿಳಿದು ಬಡಿದಾಡಿದ್ದರು. ಸ್ಕಾಟ್‌ಲೆಂಡ್ ಅದೇ ವರ್ಷ ಕ್ರೀಡಾಂಗಣದೊಳಗೆ ಮದ್ಯ ನಿಷೇಧಿಸಿತ್ತು. 1985 ಇಂಗ್ಲಿಷ್ ಫುಟ್‌ಬಾಲಿನ ಪಾಲಿಗೆ ಕರಾಳ ವರ್ಷ. ಮಾರ್ಚಿನಲ್ಲಿ ಲೂಟನ್‌ನಲ್ಲಿ ಮಿಲ್‌ವಾಲ್ ಅಭಿಮಾನಿಗಳ ದಾಂಧಲೆ, ಮೇ 11ರಂದು ಬ್ರ್ಯಾಡ್‌ಫರ್ಡಿನ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನರ ಸಾವು, ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್‌ನಲ್ಲಿ ಗೋಡೆ ಕುಸಿದು 39 ಜನರ ಸಾವು. ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಬ್ರ್ಯಾಡ್‌ಫರ್ಡಿನಲ್ಲಿ ಜನ ಸತ್ತದ್ದು ಕುಡಿತದಿಂದಲ್ಲ. ಹಲಗೆಗಳ ಸಂದಿಯಿಂದ ಬಿದ್ದು ವರ್ಷಗಟ್ಟಲೆ ಅಡಿಯಲ್ಲಿ ಕೂಡಿಹೋಗಿದ್ದ ಕಸಕ್ಕೆ ಕಿಡಿ ತಗುಲಿದ್ದರಿಂದ. ಆದರೆ ಆ ಬೇಸಿಗೆಯಲ್ಲಿ ಥ್ಯಾಚರ್ ಸರ್ಕಾರಕ್ಕೆ ಏನಾದರೂ ಮಾಡಿ ತೋರಿಸುವ ತುರ್ತು ಇತ್ತು. ಪಂದ್ಯಕ್ಕೆ ಹೋಗುವ ಬಾಡಿಗೆ ಬಸ್ಸು ಮತ್ತು ವಿಶೇಷ ರೈಲುಗಳಲ್ಲಿ ಮದ್ಯ ಒಯ್ಯುವಂತಿಲ್ಲ, ಅಮಲೇರಿ ಒಳಗೆ ಬರುವಂತಿಲ್ಲ, ಅಂಗಳ ಕಣ್ಣಿಗೆ ಬೀಳುವ ಯಾವ ಜಾಗದಲ್ಲೂ ಮದ್ಯ ಕೈಯಲ್ಲಿರುವಂತಿಲ್ಲ ಎಂದಾಯಿತು. ಕ್ರಿಕೆಟ್, ರಗ್ಬಿ, ಕುದುರೆ ಜೂಜು ಈ ನಿಯಮದ ಹೊರಗೆ ಉಳಿದವು. ಅಂದಿನ ಸ್ಥಿತಿಯಲ್ಲಿ ಇದನ್ನು ಪೂರ್ತಿ ಅನ್ಯಾಯ ಎನ್ನಲಾರೆ. ಕುಡಿದು ಬಡಿದಾಡುವವರ ಗುಂಪುಗಳು ಇದ್ದದ್ದು ನಿಜ, ಮಕ್ಕಳನ್ನು ಕರೆದುಕೊಂಡು ಪಂದ್ಯಕ್ಕೆ ಹೋಗಲು ಜನ ಹೆದರುತ್ತಿದ್ದದ್ದೂ ನಿಜ.

ಆದರೆ ಕಾನೂನಿನ ಬೆನ್ನಿಗೆ ಒಂದು ನಂಬಿಕೆಯೂ ಬೇರುಬಿಟ್ಟಿತು: ಫುಟ್‌ಬಾಲ್ ಜನಸಂದಣಿಯಲ್ಲಿ ಸಾವು ಸಂಭವಿಸಿದರೆ ಕಾರಣ ಕುಡಿತವೇ ಇರಬೇಕು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಈ ನಂಬಿಕೆಯ ಬೆಲೆ ಎಷ್ಟೆಂದು ತಿಳಿಯಿತು. ಹೊರಗೆ ಒತ್ತಡ ಹೆಚ್ಚಿದಾಗ ಪೊಲೀಸರೇ ಸಿ ಗೇಟು ತೆರೆಸಿದರು. ಒಳಬಂದ ಜನ ನೇರ ಸುರಂಗದಾರಿಯಲ್ಲಿ ಸಾಗಿ, ಆಗಲೇ ತುಂಬಿದ್ದ ಬೇಲಿಕಟ್ಟಿನೊಳಗೆ ಸೇರಿಕೊಂಡರು. ಅಂದಿನ ಗಾಯಗಳಿಂದ ಪ್ರಾಣ ಬಿಟ್ಟವರು ಒಟ್ಟು 97. ಹೊಣೆ ಹೊತ್ತಿದ್ದ ಪೊಲೀಸ್ ಅಧಿಕಾರಿ, ಗೇಟನ್ನು ಅಭಿಮಾನಿಗಳೇ ನುಗ್ಗಿ ತೆರೆದರು ಎಂದು ಸುಳ್ಳು ಹೇಳಿದರು. ನಾಲ್ಕನೇ ದಿನ ‘ದಿ ಸನ್’ ಪತ್ರಿಕೆ ಕುಡುಕ ಅಭಿಮಾನಿಗಳ ಕಥೆಯನ್ನು ಮುಖಪುಟದಲ್ಲಿ ಸತ್ಯವೆಂದು ಅಚ್ಚು ಹಾಕಿತು. ಸತ್ತವರೆಲ್ಲರ ರಕ್ತದಲ್ಲಿ ಮದ್ಯದ ಅಂಶ ಎಷ್ಟಿದೆಯೆಂದು ಪರೀಕ್ಷೆ ನಡೆಯಿತು. ಅವರಲ್ಲಿ ಹತ್ತು ವರ್ಷದ ಹುಡುಗನೂ ಇದ್ದ. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅದೇ ಆಗಸ್ಟಿನಲ್ಲಿ ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದು ಸ್ಪಷ್ಟವಾಗಿ ಬರೆದರೂ ಕುಡಿತದ ಕಥೆ ಸಾಯಲಿಲ್ಲ. 2012ರ ಸ್ವತಂತ್ರ ಸಮಿತಿಯ ವರದಿ, 2016ರ ತೀರ್ಪುಗಾರರ ನಿರ್ಣಯ ಬರುವವರೆಗೂ ಕುಟುಂಬಗಳು ತಮ್ಮ ಸತ್ತ ಮಕ್ಕಳ ಮಾನಕ್ಕಾಗಿ ಹೋರಾಡಬೇಕಾಯಿತು.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಾಗಿ ಉಳಿದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಾಗ, ಜನಕ್ಕೆ ಶಿಸ್ತಿಲ್ಲ, ಹುಡುಗರಿಗೆ ಹುಚ್ಚು ಎಂಬ ಮಾತು ನಮ್ಮಲ್ಲೂ ಬೇಗ ಬಾಯಿಗೆ ಬಂತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ, ಈ ಕ್ರೀಡಾಂಗಣದ ಈಗಿನ ವಿನ್ಯಾಸವೇ ದೊಡ್ಡ ಜನಸಂದಣಿಗೆ ತಕ್ಕುದಲ್ಲ ಎಂದು ಹೇಳಿತು. ಬಾಗಿಲು ಎಷ್ಟು ಅಗಲ, ದಾರಿ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ ಎಷ್ಟು ಜನ ಹಾದುಹೋಗಬಲ್ಲರು ಎಂಬ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಇಂಗ್ಲೆಂಡಿನ ಮದ್ಯ ಕಾನೂನನ್ನೂ ಇದೇ ಪ್ರಶ್ನೆಗಳಿಂದ ಒರೆಹಚ್ಚಿದರೆ ಅದು ಉಳಿಯುವುದಿಲ್ಲ.

ಕಾನೂನು ಅಂಗಳ ಕಾಣುವ ಜಾಗವನ್ನಷ್ಟೇ ನಿಷೇಧಿಸಿದೆ. ಸ್ಟ್ಯಾಂಡಿನ ಹಿಂದಿನ ಮೊಗಸಾಲೆಯಲ್ಲಿ, ಅಂದರೆ ಊಟತಿಂಡಿಯ ಅಂಗಡಿಗಳೂ ಶೌಚಾಲಯಗಳೂ ಇರುವ ಕಾಂಕ್ರೀಟು ಹಾದಿಯಲ್ಲಿ, ಬಿಯರ್ ಮಾರಬಹುದು, ಕುಡಿಯಬಹುದು. ಇದರ ಫಲವಾಗಿ ತೊಂಬತ್ತು ನಿಮಿಷದ ಆಟದಲ್ಲಿ ಕುಡಿಯುವವರಿಗೆಲ್ಲ ಸಿಗುವುದು ನಡುವಿನ ಹದಿನೈದು ನಿಮಿಷ. ಸಾವಿರಾರು ಜನ ಒಟ್ಟಿಗೆ ಎದ್ದು, ಒಂದೇ ಹಾದಿಗಿಳಿದು, ಸಾಲಿನಲ್ಲಿ ನಿಂತು, ಲೋಟ ಸಿಕ್ಕೊಡನೆ ಗಟಗಟ ಕುಡಿದು ಮೇಲೆ ಓಡಬೇಕು. ನಿಧಾನವಾಗಿ ಗುಟುಕರಿಸಬಹುದಾದ ಒಂದು ಲೋಟ ಬಿಯರನ್ನು ಕಾನೂನೇ ಅವಸರದ ಎರಡು ಲೋಟವಾಗಿಸುತ್ತದೆ. ಮಗುವಿನ ಕೈ ಹಿಡಿದು ಶೌಚಾಲಯಕ್ಕೆ ಹೊರಟ ತಾಯಿ, ಕುಡಿಯದ ವೃದ್ಧ, ಗಾಲಿಕುರ್ಚಿಯಲ್ಲಿ ಬಂದವರು ಈ ಗದ್ದಲದ ನಡುವೆಯೇ ಹಾದುಹೋಗಬೇಕು.

ಹೊಸ ಕ್ರೀಡಾಂಗಣಗಳ ವಾಸ್ತುವೂ ಇದಕ್ಕೆ ತಕ್ಕ ಹಾಗೆ ರೂಪುಗೊಂಡಿದೆ. ಹಳೆಯ ವೈಟ್ ಹಾರ್ಟ್ ಲೇನ್ ಇದ್ದಲ್ಲೇ ಎದ್ದು 2019ರ ಏಪ್ರಿಲ್‌ನಲ್ಲಿ ತೆರೆದ ಟಾಟೆನ್‌ಹ್ಯಾಮ್ ಕ್ರೀಡಾಂಗಣದಲ್ಲಿ 62,850 ಆಸನಗಳಿವೆ. ಅದರಲ್ಲಿ 17,500 ಜನ ಕೂರುವ ಒಂದೇ ಇಳಿಜಾರಿನ ದಕ್ಷಿಣ ಸ್ಟ್ಯಾಂಡು ನಿಜಕ್ಕೂ ದೊಡ್ಡ ಸಾಧನೆ. ಅಲ್ಲಿಂದ ಏಳುವ ಹಾಡು ಅಂಗಳಕ್ಕೆ ನೇರ ಇಳಿಯುತ್ತದೆ. ಅದೇ ಸ್ಟ್ಯಾಂಡಿನ ಬೆನ್ನಿಗೆ 65 ಮೀಟರ್ ಉದ್ದದ ಬಾರ್ ಕೌಂಟರ್ ಇದೆ, ಕಟ್ಟಡದೊಳಗೇ ಬಿಯರ್ ತಯಾರಿಸುವ ಘಟಕ ಇದೆ. ಬಿಯರನ್ನು ಲೋಟದ ತಳದಿಂದ ತುಂಬಿಸುವ ಯಂತ್ರಗಳಿವೆ. ಪ್ಲಾಸ್ಟಿಕ್ ಲೋಟದ ತಳದಲ್ಲಿ ಒಂದು ತೂತು, ಅದನ್ನು ಮುಚ್ಚಿದ ಅಯಸ್ಕಾಂತದ ಬಿಲ್ಲೆ. ಲೋಟವನ್ನು ನಳಿಗೆಯ ಮೇಲೆ ಒತ್ತಿದರೆ ಬಿಲ್ಲೆ ಮೇಲೇಳುತ್ತದೆ, ಬಿಯರು ಅಡಿಯಿಂದ ಉಕ್ಕಿ ಬಂದು ಕಂಠದವರೆಗೆ ತುಂಬುತ್ತದೆ, ಲೋಟ ಎತ್ತಿದೊಡನೆ ಬಿಲ್ಲೆ ಕೂತು ತೂತು ಮುಚ್ಚಿಕೊಳ್ಳುತ್ತದೆ. ಸುರಿಯುವವನು ನಲ್ಲಿ ಹಿಡಿದು ಕಾಯಬೇಕಿಲ್ಲ. ನಿಮಿಷಕ್ಕೆ 10,000 ಪೈಂಟ್ ಕೊಡಬಲ್ಲೆವು ಎಂಬ ಪ್ರಚಾರ ಉದ್ಘಾಟನೆಯ ಹೊತ್ತಿಗೆ ನಡೆದಿತ್ತು. ತಂತ್ರಜ್ಞಾನ ಮೆಚ್ಚುವಂಥದ್ದೇ. ಆದರೆ ಇಷ್ಟು ವೇಗ ಯಾಕೆ ಬೇಕಾಯಿತು ಎಂದು ಕೇಳಬೇಕು. ಕುಡಿತವನ್ನು ತಗ್ಗಿಸಲೆಂದು ಬಂದ ಕಾನೂನು, ಅತಿ ಕಡಿಮೆ ಹೊತ್ತಿನಲ್ಲಿ ಅತಿ ಹೆಚ್ಚು ಮದ್ಯ ಹರಿಸುವ ಕಟ್ಟಡಕ್ಕೆ ಬಹುಮಾನ ಕೊಡುತ್ತಿದೆ.

ಇದೇ ಕಾನೂನು ಹಣವಂತರಿಗೆ ಬೇರೆ ಬಾಗಿಲು ಇಟ್ಟಿದೆ. ಸಾಮಾನ್ಯ ಸ್ಟ್ಯಾಂಡಿನಲ್ಲಿ ನಿಷೇಧ ಪಂದ್ಯಕ್ಕೆ ಎರಡು ಗಂಟೆ ಮೊದಲೇ ಶುರುವಾಗಿ, ಮುಗಿದ ಒಂದು ಗಂಟೆಯವರೆಗೆ ಇರುತ್ತದೆ. ಖಾಸಗಿ ಬಾಕ್ಸುಗಳಿಗೆ 1986ರಲ್ಲಿ ತಿದ್ದುಪಡಿ ಬಂತು: ಅಲ್ಲಿ ಮೊದಲು ಹದಿನೈದು ನಿಮಿಷ, ನಂತರ ಹದಿನೈದು ನಿಮಿಷ ಅಷ್ಟೆ. ಆಟ ನಡೆಯುವಾಗಲೂ ಗಾಜಿಗೆ ಪರದೆ ಎಳೆದರೆ ಅಂಗಳ ಕಾಣುವುದಿಲ್ಲ, ಕುಡಿಯಲು ಅಡ್ಡಿಯಿಲ್ಲ. ಲಾರ್ಡ್ಸ್‌ನಲ್ಲಿ ಟೆಸ್ಟ್ ನೋಡಲು ಹೋಗುವವರು ಒಂದು ಬಾಟಲಿ ವೈನನ್ನೋ ಎರಡು ಕ್ಯಾನ್ ಬಿಯರನ್ನೋ ಮನೆಯಿಂದಲೇ ತರಬಹುದು. ಇಂಗ್ಲೆಂಡ್ ಪ್ರವಾಸದ ಟೆಸ್ಟುಗಳನ್ನು ಟಿವಿಯಲ್ಲಿ ನೋಡುವ ನಮ್ಮವರಿಗೆ, ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಹಾವಿನಂತೆ ಉದ್ದ ಹಿಡಿದು ಕೂಗುವ ಸ್ಟ್ಯಾಂಡುಗಳು ಪರಿಚಿತ. ಅಲ್ಲಿ ಯಾರೂ ಕುಡಿದು ಹದ ತಪ್ಪುವುದಿಲ್ಲವೆಂದಲ್ಲ. ತಪ್ಪಿದವನನ್ನು ಹೊರಗೆ ಕಳಿಸುತ್ತಾರೆ, ಕುಟುಂಬಗಳಿಗೆ ಮದ್ಯರಹಿತ ಸ್ಟ್ಯಾಂಡ್ ಇಡುತ್ತಾರೆ. ಕ್ರಿಕೆಟ್ ಅಭಿಮಾನಿಯನ್ನು ವ್ಯಕ್ತಿಯಾಗಿ ನೋಡುವ ವ್ಯವಸ್ಥೆ, ಫುಟ್‌ಬಾಲ್ ಅಭಿಮಾನಿಯನ್ನು ಗುಂಪಾಗಿ ನೋಡುತ್ತದೆ. ಅದರ ಬೇರಿನಲ್ಲಿ ದುಡಿಯುವ ವರ್ಗದ ಬಗೆಗಿನ ಭಯವಿದೆ ಎಂದೇ ನನ್ನ ನಿಲುವು.

ಈ ಕಾನೂನನ್ನು ಸಡಿಲಿಸಬೇಕೆಂಬ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಹಗುರವಾದವು ಕಡಿಮೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋ ಫೈನಲ್ ದಿನ ಟಿಕೆಟ್ಟಿಲ್ಲದ ಸುಮಾರು 2,000 ಜನ ಒಳನುಗ್ಗಿದರು. ಸಾವುಗಳಾಗದೆ ಹೋದದ್ದು ಅದೃಷ್ಟ ಎಂಬ ಅರ್ಥದಲ್ಲೇ ಲೂಯಿಸ್ ಕೇಸಿ ವರದಿ ಬರೆಯಿತು. ಕುಡಿತವೂ ಕೊಕೇನೂ ಅಂದು ಕಾರಣದ ಭಾಗವಾಗಿದ್ದವು, ಅಲ್ಲಗಳೆಯಲಾಗದು. ಆದರೆ ಆ ಕುಡಿತ ನಡೆದದ್ದು ಹೊರಗಿನ ಬೀದಿಯಲ್ಲಿ, ಬೆಳಗಿನಿಂದ, ರಾತ್ರಿ ಎಂಟಕ್ಕೆ ಶುರುವಾಗುವ ಪಂದ್ಯಕ್ಕಾಗಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ. ಒಳಗೆ ಆಟ ನೋಡುತ್ತಾ ಕುಡಿಯಲಾಗದೆಂದು ಗೊತ್ತಿದ್ದವರು ಹೊರಗೇ ಮುಗಿಸಿ ಬರುತ್ತಾರೆ, ಬರುವಾಗ ತಡವಾಗಿ, ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಾಗಿಲಿನ ಬಳಿ ಕೊನೆ ಗಳಿಗೆಯಲ್ಲಿ ಕಟ್ಟಿಕೊಳ್ಳುವ ಒತ್ತಡ ಎಷ್ಟು ಅಪಾಯವೆಂಬುದು ಹಿಲ್ಸ್‌ಬರೋ ಕಲಿಸಿದ ಪಾಠ. ಇನ್ನು ಕತಾರ್. 2022ರ ವಿಶ್ವಕಪ್ ಶುರುವಾಗಲು ಎರಡು ದಿನವಿರುವಾಗ ಕ್ರೀಡಾಂಗಣಗಳಲ್ಲಿ ಬಿಯರ್ ನಿಷೇಧವಾಯಿತು, ಇಂಗ್ಲೆಂಡಿನ ಒಬ್ಬ ಅಭಿಮಾನಿಯೂ ಬಂಧನಕ್ಕೊಳಗಾಗಲಿಲ್ಲ. ಮಹಿಳೆಯರು ಅಲ್ಲಿ ನೆಮ್ಮದಿಯಿಂದ ಪಂದ್ಯ ನೋಡಿದೆವೆಂದು ಹೇಳಿದ್ದನ್ನು ಗೌರವದಿಂದ ಕೇಳಬೇಕು. ಆದರೆ ಇಡೀ ದೇಶದಲ್ಲೇ ಮದ್ಯ ವಿರಳವಾದ, ಹೋಗಿಬರುವ ಖರ್ಚೇ ಬಹುಪಾಲು ಜನರನ್ನು ಮನೆಯಲ್ಲಿ ಕೂರಿಸಿದ ಒಂದು ಕೂಟದಿಂದ ಲೀಡ್ಸಿನ ಶನಿವಾರಕ್ಕೆ ನಿಯಮ ಮಾಡಲಾಗದು.

ನನಗೆ ಅತ್ಯಂತ ಭಾರವಾಗಿ ಕಾಣುವ ಆಕ್ಷೇಪ ಮನೆಯೊಳಗಿನದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಗೆದ್ದಾಗ ಅಥವಾ ಸಮವಾದಾಗ ಕೌಟುಂಬಿಕ ಹಿಂಸೆಯ ದೂರುಗಳು ಶೇ 26ರಷ್ಟು, ಸೋತಾಗ ಶೇ 38ರಷ್ಟು ಏರಿದ್ದು ಕಂಡಿತು. ಮದ್ಯ ನಿರಪಾಯ ಎಂದು ವಾದಿಸುವವರು ಈ ಅಂಕಿಗಳ ಮುಂದೆ ತಲೆತಗ್ಗಿಸಬೇಕು. ಹಾಗೆಂದು 1985ರ ಕಾನೂನು ಆ ಮಹಿಳೆಯರನ್ನು ಕಾಪಾಡುತ್ತಿಲ್ಲ. ಅದು ಜಾರಿಯಲ್ಲಿರುವಾಗಲೇ ಇದೆಲ್ಲ ನಡೆದಿದೆ, ಆ ಪಂದ್ಯಗಳನ್ನು ಬಹುತೇಕರು ನೋಡಿದ್ದು ಮನೆಯಲ್ಲಿ ಮತ್ತು ಪಬ್ಬಿನಲ್ಲಿ. ಅಗ್ಗದ ಮದ್ಯದ ಬೆಲೆ, ಪಬ್ಬುಗಳ ಹೊತ್ತು, ಪೊಲೀಸರ ಸ್ಪಂದನೆ ಇವುಗಳ ಮೇಲೆ ನಡೆಯಬೇಕಾದ ಕೆಲಸವನ್ನು ಸ್ಟ್ಯಾಂಡಿನ ಕುರ್ಚಿಯ ಮೇಲಿನ ನಿಷೇಧ ತುಂಬಿಕೊಡಲಾರದು.

ಕ್ಲಬ್ಬುಗಳು ಈ ಸಡಿಲಿಕೆಯನ್ನು ಹಣಕ್ಕಾಗಿ ಬಯಸುತ್ತವೆ ಎಂಬ ಮಾತೂ ಸತ್ಯವೇ. ಅಭಿಮಾನಿಗಳ ಅನುಭವ ಎಂದು ಬಾಯ್ತುಂಬ ಹೇಳುವ ಇದೇ ಟಾಟೆನ್‌ಹ್ಯಾಮ್, ಹೊಸದಾಗಿ ಹಿರಿಯರ ರಿಯಾಯಿತಿ ಕೊಡುವುದನ್ನು ನಿಲ್ಲಿಸುವುದಾಗಿ 2024ರಲ್ಲಿ ಪ್ರಕಟಿಸಿ ಪ್ರತಿಭಟನೆ ಎದುರಿಸಿತು. ದಶಕಗಳ ಕಾಲ ಮಳೆಯಲ್ಲಿ ನಿಂತು ತಂಡವನ್ನು ಸಾಕಿದ ಮುದುಕರನ್ನು ಹೊರೆಯೆಂದು ಎಣಿಸುವ ಆಡಳಿತದ ಕೈಗೆ ಲೈಸೆನ್ಸನ್ನು ಷರತ್ತಿಲ್ಲದೆ ಕೊಡಬಾರದು. ಸಣ್ಣ ಕ್ಲಬ್ಬುಗಳ ಕಥೆ ಬೇರೆ. ಟಿವಿ ಹಣ ಹೆಚ್ಚೇನೂ ಇಲ್ಲದ ಅವಕ್ಕೆ ಪಂದ್ಯದ ದಿನದ ವ್ಯಾಪಾರವೇ ಉಸಿರು. ಟ್ರೇಸಿ ಕ್ರೌಚ್ ನೇತೃತ್ವದ ಅಭಿಮಾನಿ ಕೇಂದ್ರಿತ ಪರಿಶೀಲನೆ 2021ರ ನವೆಂಬರಿನಲ್ಲಿ, ನಾಲ್ಕನೇ ಮತ್ತು ಐದನೇ ಹಂತದ ಲೀಗುಗಳಲ್ಲಿ ಪ್ರಯೋಗ ಮಾಡಿ ನೋಡಿ ಎಂದು ಶಿಫಾರಸು ಮಾಡಿದ್ದು ಇದಕ್ಕಾಗಿಯೇ. ಪುರುಷರ ಪಂದ್ಯಗಳಲ್ಲಿ ಅದು ನಡೆದಿಲ್ಲ. ಈ ಕಾನೂನಿನ ಹಿಡಿತಕ್ಕೆ ಸಿಗದ ಮಹಿಳಾ ಫುಟ್‌ಬಾಲಿನಲ್ಲಿ ಮಾತ್ರ 2025ರಲ್ಲಿ ಕೆಲವು ಕ್ಲಬ್ಬುಗಳು ಪ್ರಯೋಗ ಆರಂಭಿಸಿದವು.

ನಿಂತು ನೋಡುವ ವಿಷಯದಲ್ಲಿ ಇಂಗ್ಲೆಂಡ್ ಇದೇ ದಾರಿಯನ್ನು ನಡೆದು ತೋರಿಸಿದೆ. ಹಿಲ್ಸ್‌ಬರೋ ನಂತರ ಮೇಲಿನ ಎರಡು ಹಂತಗಳಲ್ಲಿ ಎಲ್ಲರೂ ಕೂರಲೇಬೇಕೆಂದಾಯಿತು. ಜನ ಕುರ್ಚಿಗಳ ನಡುವೆ ನಿಂತೇ ನೋಡುತ್ತಿದ್ದರು. ಕೊನೆಗೆ ಪ್ರತಿ ಸಾಲಿಗೂ ಕಂಬಿ ಇರುವ ಆಸನಗಳನ್ನು 2022ರ ಜನವರಿಯಿಂದ ಐದು ಕ್ಲಬ್ಬುಗಳಲ್ಲಿ ಪರೀಕ್ಷಿಸಿ, ಅಪಾಯ ಹೆಚ್ಚುವುದಿಲ್ಲವೆಂದು ಕಂಡು, ಅದೇ ವರ್ಷ ಉಳಿದವರಿಗೂ ಲೈಸೆನ್ಸಿನ ದಾರಿ ತೆರೆದರು. ಬಿಯರಿಗೂ ಅದೇ ವಿವೇಕ ಸಾಕು. ಜರ್ಮನಿಯಲ್ಲಿ ಸ್ಟ್ಯಾಂಡಿನಲ್ಲೇ ಬಿಯರ್ ಕುಡಿಯುತ್ತಾರೆ. ಬದ್ಧ ವೈರಿಗಳ ಪಂದ್ಯವಿದ್ದರೆ ಪೊಲೀಸರೂ ಕ್ಲಬ್ಬೂ ಸೇರಿ ಹಗುರ ಬಿಯರನ್ನೋ ಮದ್ಯರಹಿತ ಬಿಯರನ್ನೋ ಮಾತ್ರ ಕೊಡುತ್ತಾರೆ. ಇಂಗ್ಲೆಂಡಿನಲ್ಲೂ ಕ್ರೀಡಾಂಗಣದ ಸುರಕ್ಷತಾ ಪ್ರಮಾಣಪತ್ರ ಕೊಡುವುದು ಸ್ಥಳೀಯ ಆಡಳಿತ, 2003ರ ಕಾಯ್ದೆಯಡಿ ಮದ್ಯದ ಲೈಸೆನ್ಸ್ ಕೊಡುವುದೂ ಅದೇ. ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ನೆರೆಹೊರೆಯ ನೆಮ್ಮದಿ, ಮಕ್ಕಳ ರಕ್ಷಣೆ ಈ ನಾಲ್ಕನ್ನು ತೂಗಿ ನೋಡುವ ಹೊಣೆ ಅದಕ್ಕೆ ಈಗಾಗಲೇ ಇದೆ. ಒಬ್ಬರಿಗೆ ಇಷ್ಟೇ ಲೋಟ, ಈ ಸ್ಟ್ಯಾಂಡುಗಳಲ್ಲಿ ಮದ್ಯವೇ ಇಲ್ಲ, ಇಂಥ ಪಂದ್ಯಕ್ಕೆ ಮಾರಾಟವೇ ಇಲ್ಲ ಎಂದು ಆಯಾ ಊರು ಬಲ್ಲವರು ಹೇಳಬಹುದು, ತಪ್ಪಿದ ಕ್ಲಬ್ಬಿನಿಂದ ಲೈಸೆನ್ಸ್ ಕಿತ್ತುಕೊಳ್ಳಬಹುದು. ಪ್ರಯೋಗಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆಯೂ ಬೇಕಿಲ್ಲ: ಯಾವ ಪಂದ್ಯಗಳು 1985ರ ನಿಯಮಕ್ಕೆ ಒಳಪಡಬೇಕೆಂಬ ಪಟ್ಟಿ ಸರ್ಕಾರದ ಆದೇಶದಿಂದಲೇ ನಿರ್ಧಾರವಾಗುತ್ತದೆ. ನಾಲ್ಕನೇ ಹಂತದ ಲೀಗನ್ನು ಒಂದು ಋತುವಿನ ಮಟ್ಟಿಗೆ ಆ ಪಟ್ಟಿಯಿಂದ ತೆಗೆದು, ಹಾಫ್‌ಟೈಮಿನಲ್ಲಿ ಮೊಗಸಾಲೆಗಳ ದಟ್ಟಣೆ ಎಷ್ಟು ಇಳಿಯಿತು, ಜನ ಎಷ್ಟು ಬೇಗ ಒಳಬಂದರು, ಬಂಧನಗಳು ಏರಿದವೋ ಇಳಿದವೋ, ಮಕ್ಕಳೊಂದಿಗೆ ಬಂದವರು ಏನು ಹೇಳಿದರು ಎಂದು ಎಣಿಸಿ ಪ್ರಕಟಿಸಲಿ.