ಸಾವಿನ ಜೊತೆ ಪಂಜ

ಕಾರ್ಟೂನ್ ಅಂದ್ರೆ ಮಕ್ಕಳಿಗೆ ಅನ್ನೋರಿಗೆ ನಾನು ತೋರಿಸೋದು 'ರೆಗ್ಯುಲರ್ ಶೋ'ನ 'ಓವರ್ ದಿ ಟಾಪ್' ಕಂತನ್ನ. ಹನ್ನೊಂದು ನಿಮಿಷ ಅಷ್ಟೆ, ಊಟದ ಬಿಡುವಲ್ಲೇ ಮುಗಿಯುತ್ತೆ.

ಜೆ.ಜಿ. ಕ್ವಿಂಟೆಲ್ ಅವರ ಈ ಸರಣಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2010ರಿಂದ 2017ರವರೆಗೆ ಬಂತು. ಪಾರ್ಕೊಂದರಲ್ಲಿ ಇಬ್ಬರು ಮೈಗಳ್ಳರು: ಮೊರ್ಡೆಕೈ ಅನ್ನೋ ನೀಲಿ ಹಕ್ಕಿ, ರಿಗ್ಬಿ ಅನ್ನೋ ರಕೂನ್. ಮ್ಯಾನೇಜರ್ ಬೆನ್ಸನ್ ಒಂದು ಗಂಬಾಲ್ ಯಂತ್ರ, ಸಿಟ್ಟು ಬಂದ್ರೆ ಕೆಂಪಾಗ್ತಾನೆ. (ನಿಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್ ನೆನಪಾದ್ರೆ ನಾನು ಹೊಣೆಯಲ್ಲ.) ರಿಗ್ಬಿ ಮೋಸ ಮಾಡಿ ಸ್ಕಿಪ್ಸ್‌ನ ಪಂಜದಲ್ಲಿ ಸೋಲಿಸ್ತಾನೆ. ಸ್ಕಿಪ್ಸ್ ಸಾವೇ ಇಲ್ಲದ ಯೇತಿ. ಅವನ ಸಿಟ್ಟಿಗೆ ಸಿಕ್ಕಿ ರಿಗ್ಬಿ ಸತ್ತೇ ಹೋಗ್ತಾನೆ. ಪ್ರಾಣ ವಾಪಸ್ ತರೋಕೆ ಸ್ಕಿಪ್ಸ್ ಈಗ ಸಾವಿನ ಜೊತೆಗೇ ಪಂಜ ಹಿಡೀಬೇಕು.

ಪಣ ಇಷ್ಟು ದೊಡ್ಡದಾದ್ರೂ ಆಟ ಹಿಗ್ಗಲ್ಲ, ನನಗೆ ಹಿಡಿಸಿದ್ದು ಅದೇ. ಎರಡು ಮೊಣಕೈ, ಅಷ್ಟೆ. ಸಾವಿತ್ರಿ ಯಮನನ್ನ ಮಾತಲ್ಲಿ ಕಟ್ಟಿಹಾಕಿದಳು. ಇಲ್ಲಿ ತೋಳಿಗಷ್ಟೇ ಬೆಲೆ. ಈ ಸಾವಾದರೂ ಎಂಥದ್ದು? ಇಂಗ್ಲೆಂಡಿನ ಬೀದಿಮಾತಾಡೋ ಬೈಕ್ ಸವಾರ! ಸ್ಕಿಪ್ಸ್‌ಗೆ ದನಿ 'ಸ್ಟಾರ್ ವಾರ್ಸ್'ನ ಮಾರ್ಕ್ ಹ್ಯಾಮಿಲ್‌ದು. ಆ ದಣಿದ ದನಿ ಇಲ್ಲದಿದ್ರೆ ಇದು ಬರೀ ಗದ್ದಲ ಆಗ್ತಿತ್ತು.

ಕೊರತೆ ಇರೋದು ರಿಗ್ಬಿಯಲ್ಲಿ. ಸತ್ತವನ ಬಗ್ಗೆ ಮರುಕ ಹುಟ್ಟೋಕೆ ಕಂತು ಪುರುಸೊತ್ತೇ ಕೊಡಲ್ಲ. ಅವನು ಉಳೀತಾನೆ ಅಂತ ಎಲ್ರಿಗೂ ಗೊತ್ತು, ಸರಣಿ ನಡೀಬೇಕಲ್ಲ. ಹಾಗಾಗಿ ಭಾರವೆಲ್ಲ ಸ್ಕಿಪ್ಸ್ ಮೇಲೆ. ಮೋಸಗಾರನಿಗಾಗಿ ಅವನ್ಯಾಕೆ ಕೂತ? ಗೆಳೆತನದ ಭಾಷಣ ಬೇಕಿಲ್ಲ, ಕೊಂದದ್ದು ಅವನೇ ತಾನೆ.

ಪಂಜ ಯಾವ ಕಡೆ ಬಿತ್ತು ಅಂತ ಹೇಳಲ್ಲ, ನೋಡಿ.