ಮುಖ ನೋಡಿ ಮಣೆ ಹಾಕಿದ ಕಾಮಿಕ್ಸ್

ಎರಡನೇ ಮಹಾಯುದ್ಧ ಕಾಲದ ಅಮೆರಿಕನ್ ಕಾಮಿಕ್ಸ್ ಎಂದೊಡನೆ ಎಲ್ಲರೂ ಎತ್ತಿ ತೋರಿಸುವುದು ಒಂದೇ ಮುಖಪುಟವನ್ನು. ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದುತ್ತಿರುವ ಚಿತ್ರ ಅದು. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ತರುಣರು ರೂಪಿಸಿದ ಆ ಸಂಚಿಕೆ ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ಅವರ ಎದೆಗಾರಿಕೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಒಂದು ಗುದ್ದನ್ನೇ ಅಳತೆಗೋಲಾಗಿ ಹಿಡಿದರೆ ಈ ಪರಂಪರೆಯ ನಿಜವಾದ ಸಾಧನೆಯೂ ಕಾಣುವುದಿಲ್ಲ, ಅದು ಮಾಡಿದ ಅನ್ಯಾಯವೂ ಕಾಣುವುದಿಲ್ಲ.

ಇಂದ್ರಜಾಲ ಕಾಮಿಕ್ಸಿನಲ್ಲಿ ಫ್ಯಾಂಟಮ್‌ನನ್ನು ಕನ್ನಡದಲ್ಲೇ ಓದಿ ಬೆಳೆದವರಿಗೆ ಕಾಮಿಕ್ಸ್ ಎಂದರೆ ಒಂದು ಪುಸ್ತಕ, ಒಬ್ಬ ನಾಯಕ. ಆಗಿನ ಅಮೆರಿಕದಲ್ಲಿ ಹಾಗಿರಲಿಲ್ಲ. ಹತ್ತು ಸೆಂಟು ಕೊಟ್ಟರೆ 64 ಪುಟ, ಅದರಲ್ಲಿ ಏಳೆಂಟು ಬೇರೆ ಬೇರೆ ನಾಯಕರ ಕಥೆ. ಅಂಚೆ ರಿಯಾಯಿತಿಯ ನಿಯಮಕ್ಕಾಗಿ ಚಿತ್ರವಿಲ್ಲದ ಎರಡು ಪುಟದ ಗದ್ಯ ಕಥೆಯೂ ಅದರಲ್ಲೇ. 1937ರ 'ಡಿಟೆಕ್ಟಿವ್ ಕಾಮಿಕ್ಸ್' ಕೂಡ ಹೀಗೆ ಪತ್ತೇದಾರಿ ಕಥೆಗಳ ಸಂಕಲನವಾಗಿಯೇ ಹುಟ್ಟಿತು. ಬ್ಯಾಟ್‌ಮನ್ ಅದಕ್ಕೆ ಬಂದು ಸೇರಿದ್ದು 1939ರಲ್ಲಿ, 27ನೇ ಸಂಚಿಕೆಗೆ. ಮುಖಪುಟದ ನಾಯಕ ಮಾರಾಟದ ಹೊಣೆ ಹೊತ್ತಿದ್ದರಿಂದ ಹಿಂದಿನ ಪುಟಗಳಲ್ಲಿ ಕಲಾವಿದ ತುಸು ಸ್ವತಂತ್ರವಾಗಿ ಉಸಿರಾಡಬಹುದಿತ್ತು. ಈ ಪರಂಪರೆಯ ಅತ್ಯುತ್ತಮವಾದದ್ದು ಬೆಳೆದದ್ದು ಅಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಸಾಕ್ಷಿ ಕ್ವಾಲಿಟಿ ಸಂಸ್ಥೆಯ 'ಪೊಲೀಸ್ ಕಾಮಿಕ್ಸ್'. 1941ರ ಆಗಸ್ಟ್ ತಿಂಗಳ ಮೊದಲ ಸಂಚಿಕೆಯ ಮುಖಪುಟದಲ್ಲಿ ಫೈರ್‌ಬ್ರ್ಯಾಂಡ್ ಎಂಬ ಸಿರಿವಂತ ವೀರನಿದ್ದ. ಒಂದೂವರೆ ವರ್ಷದೊಳಗೆ ಅವನು ಪುಸ್ತಕದಿಂದಲೇ ಮಾಯವಾದ. ಒಳಗೆ 711 ಎಂಬ ಸಂಖ್ಯೆಯೇ ಹೆಸರಾದ ಒಬ್ಬ ಕೈದಿ ರಾತ್ರಿ ಸೆರೆಮನೆಯಿಂದ ನುಸುಳಿ ಬಂದು ಕಳ್ಳರನ್ನು ಹಿಡಿಯುತ್ತಿದ್ದ. ಇನ್ನೊಂದು ಕಡೆ ಜ್ಯಾಕ್ ಕೋಲ್ ಬರೆದು ಚಿತ್ರಿಸಿದ ಪ್ಲಾಸ್ಟಿಕ್ ಮ್ಯಾನ್. ಹೆಸರು ಪೊಲೀಸರದು, ಜೀವಾಳವೆಲ್ಲ ಕಳ್ಳರು ಮತ್ತು ಕೈದಿಗಳದು.

ಪ್ಲಾಸ್ಟಿಕ್ ಮ್ಯಾನ್ ಮೂಲತಃ ಈಲ್ ಓಬ್ರಯನ್ ಎಂಬ ತಿಜೋರಿಗಳ್ಳ. ರಾಸಾಯನಿಕ ಕಾರ್ಖಾನೆಯಲ್ಲಿ ಕನ್ನ ಹಾಕುವಾಗ ಗುಂಡೇಟು ಬಿದ್ದು, ಗಾಯಕ್ಕೆ ಆಮ್ಲ ಸೇರುತ್ತದೆ. ಜೊತೆಗಾರರು ಕೈಬಿಟ್ಟು ಓಡುತ್ತಾರೆ. ಅವನಿಗೆ ಎಚ್ಚರವಾಗುವುದು ಒಂದು ಸನ್ಯಾಸಿಗಳ ಆಶ್ರಮದಲ್ಲಿ. ಹುಡುಕಿಕೊಂಡು ಬಂದ ಪೊಲೀಸರನ್ನು ಅಲ್ಲಿನ ಸನ್ಯಾಸಿಯೊಬ್ಬ ವಾಪಸು ಕಳಿಸಿದ್ದಾನೆ, ಇವನು ತಿದ್ದಿಕೊಳ್ಳಬಲ್ಲ ಎಂದು ನಂಬಿ. ಮೈ ರಬ್ಬರಿನಂತೆ ಎಳೆಯುತ್ತದೆಂದು ಓಬ್ರಯನ್‌ಗೆ ಗೊತ್ತಾಗುವುದು ಆಮೇಲೆ. ಮನಸ್ಸು ತಿರುಗುವುದು ಆ ನಂಬಿಕೆಯಿಂದ. ಶಕ್ತಿ ಬಂದ ಮರುಕ್ಷಣವೇ ನ್ಯಾಯನಿಷ್ಠರಾಗಿಬಿಡುವ ಆ ಕಾಲದ ವೀರರ ಗುಂಪಿನಲ್ಲಿ ಇಂಥ ಹುಟ್ಟುಕಥೆ ಅಪರೂಪ.

ಚಿತ್ರದಲ್ಲೂ ಕೋಲ್ ಅದೇ ಹಾದಿ ಹಿಡಿದ. ಕಳ್ಳರು ಕೋಣೆಯಲ್ಲಿ ಕೂತು ಸಂಚು ಹೂಡುತ್ತಿರುತ್ತಾರೆ. ಕೆಂಪು ಬಣ್ಣದ ಕುರ್ಚಿಯೋ ಜಮಖಾನವೋ ಇರುತ್ತದೆ, ಅದರ ಮೇಲೆ ಹಳದಿ-ಕಪ್ಪು ಪಟ್ಟೆ. ಅದು ಪ್ಲಾಸ್ಟಿಕ್ ಮ್ಯಾನ್ ಉಡುಪಿನ ಸೊಂಟಪಟ್ಟಿ. ಕಳ್ಳರಿಗೆ ತಿಳಿಯದ್ದು ಓದುಗನಿಗೆ ತಿಳಿದಿದೆ. ಪ್ರತಿ ಚೌಕದಲ್ಲೂ ಕಣ್ಣು ಆ ಪಟ್ಟೆಯನ್ನು ಅರಸುತ್ತದೆ. ಹುಡುಕುವ ಕೆಲಸವನ್ನು ಓದುಗನ ಕೈಗೇ ಕೊಟ್ಟ ಈ ಪುಟಗಳ ಮುಂದೆ ಅದೇ ಪುಸ್ತಕದ ಗುದ್ದಾಟದ ಕಥೆಗಳು ಸಪ್ಪೆಯಾಗುತ್ತವೆ. 11ನೇ ಸಂಚಿಕೆಯಿಂದ ಇಲ್ಲೇ ಮರುಮುದ್ರಣಗೊಂಡ ವಿಲ್ ಐಸ್ನರನ 'ಸ್ಪಿರಿಟ್' ಕೂಡ ಅಂಥ ಎತ್ತರದ್ದೇ. ಸತ್ತನೆಂದು ಲೋಕ ನಂಬಿದ ಪತ್ತೇದಾರನೊಬ್ಬ ಸ್ಮಶಾನದಲ್ಲೇ ಮನೆ ಮಾಡಿಕೊಳ್ಳುವ ಕಥೆ ಅದು.

ಇನ್ನು ಅನ್ಯಾಯದ ಮಾತು. ಅಗ್ಗದ ಕಾಗದ, ಒರಟು ಬಣ್ಣ, ತಲೆಯ ಮೇಲೆ ಗಡುವು. ಇದರ ನಡುವೆ ಯಾರು ಕೆಟ್ಟವನೆಂದು ಕ್ಷಣಾರ್ಧದಲ್ಲಿ ತೋರಿಸಬೇಕಿತ್ತು. ಅದಕ್ಕೆ ಸಿಕ್ಕ ಸುಲಭದ ದಾರಿ ಮುಖ ನೋಡಿ ಮಣೆ ಹಾಕುವುದು. ಜಪಾನೀಯನೆಂದರೆ ಕೋರೆಹಲ್ಲು, ಹಳದಿ ಚರ್ಮ. ಇದೇ ಕ್ವಾಲಿಟಿ ಸಂಸ್ಥೆಯ 'ಬ್ಲ್ಯಾಕ್‌ಹಾಕ್' ತಂಡದ ಚೀನೀ ಅಡುಗೆಯವನು ಉಬ್ಬುಹಲ್ಲಿನ ಕೋಡಂಗಿ. ಐಸ್ನರನ 'ಸ್ಪಿರಿಟ್' ಕಥೆಗಳ ಕಪ್ಪು ಹುಡುಗ ಎಬನಿಗೆ ದಪ್ಪ ತುಟಿ, ಗುಡ್ಡೆಗಣ್ಣು. ಕೋಲ್ ಕೂಡ ಇದರಿಂದ ಹೊರತಲ್ಲ. ಪ್ಲಾಸ್ಟಿಕ್ ಮ್ಯಾನ್‌ಗಿಂತ ಮುಂಚೆ 'ಕ್ಲಾ' ಎಂಬ ದೈತ್ಯ ಏಷ್ಯನ್ ಖಳನನ್ನು ಸೃಷ್ಟಿಸಿದ್ದು ಅವನೇ. ಮನುಷ್ಯ ಬದಲಾಗಬಲ್ಲ ಎಂದು ಇಷ್ಟು ಚೆನ್ನಾಗಿ ಹೇಳಿದ ಕಲೆ ಆ ಸವಲತ್ತನ್ನು ಬಿಳಿಯರಿಗಷ್ಟೇ ಕೊಟ್ಟಿತು. 1942ರಲ್ಲಿ ಸರ್ಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ತಳ್ಳಿದಾಗ, ಆ ಕೋರೆಹಲ್ಲಿನ ಚಿತ್ರಗಳು ಮಕ್ಕಳ ಕೈಯಲ್ಲಿದ್ದವು.

ಆ ಕಾಲವೇ ಹಾಗಿತ್ತು ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಕ್ಯಾಪ್ಟನ್ ಮಾರ್ವೆಲ್ ಕಥೆಗಳಲ್ಲಿ ಸ್ಟೀಮ್‌ಬೋಟ್ ಎಂಬ ಕಪ್ಪು ಸೇವಕನ ಪಾತ್ರವಿತ್ತು. ನ್ಯೂಯಾರ್ಕಿನ ಶಾಲಾ ಮಕ್ಕಳ ಗುಂಪೊಂದು ಫಾಸೆಟ್ ಪ್ರಕಾಶನದ ಕಚೇರಿಗೇ ಹೋಗಿ, ಇದು ಅವಮಾನಕರ ಎಂದು ಹೇಳಿತು. 1945ರಲ್ಲಿ ಆ ಪಾತ್ರವನ್ನು ಕೈಬಿಡಲಾಯಿತು. ಮಕ್ಕಳಿಗೆ ಕಂಡದ್ದು ದೊಡ್ಡವರಿಗೆ ಕಾಣುತ್ತಿರಲಿಲ್ಲವೆಂದರೆ ನಂಬುವುದು ಹೇಗೆ?

ಇಂದು ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಆಯ್ದ ಭಾಗ. ಡಿಸಿ ಸಂಸ್ಥೆ ಪ್ಲಾಸ್ಟಿಕ್ ಮ್ಯಾನ್ ಕಥೆಗಳನ್ನಷ್ಟೇ ಬಿಡಿಸಿ ತೆಗೆದು, ರಟ್ಟು ಹಾಕಿ, ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡಿದೆ. ಉಪಕಾರವೇ ಸರಿ. ಆದರೆ ಒಂದು ಸಂಚಿಕೆಯಲ್ಲಿ ಕೋಲ್‌ನ ಪಕ್ಕದ ಪುಟದಲ್ಲಿ ಏನಿತ್ತು, ಅವನು ಯಾರ ನಡುವೆ ನಿಂತು ಬೆಳೆದ, ಅದೇ ಹತ್ತು ಸೆಂಟಿಗೆ ಹುಡುಗರು ಇನ್ನೇನನ್ನು ಓದಿದರು ಎಂಬುದು ಅದರಿಂದ ತಿಳಿಯುವುದಿಲ್ಲ. ಪ್ರಕಾಶಕರು ಇಡೀ ಸಂಚಿಕೆಗಳನ್ನು, ಜಾಹೀರಾತು ಮತ್ತು ಗದ್ಯಕಥೆಯ ಸಮೇತ, ಆ ಕೆಟ್ಟ ಮುಖಗಳನ್ನೂ ಬಿಡದೆ, ಮರುಮುದ್ರಿಸಬೇಕು.