ಅಲ್ಪವ್ಯಯದ ಅಪರಾಧಚಿತ್ರಗಳು: ಜಪಾನಿನ ‘ವಿ-ಸಿನಿಮಾ’ದ ಗುಣದೋಷ ವಿವೇಚನೆ

೧

ಚಲಚ್ಚಿತ್ರವನ್ನು ಕುರಿತ ವಿಮರ್ಶೆ ಸಾಮಾನ್ಯವಾಗಿ ಚಿತ್ರಮಂದಿರದಲ್ಲಿ ತೆರೆಕಂಡ ಕೃತಿಗಳ ಸುತ್ತಲೇ ಸುಳಿಯುತ್ತದೆ. ಚಿತ್ರಮಂದಿರದ ಬಾಗಿಲನ್ನು ಕಾಣದೆ, ನೇರವಾಗಿ ವಿಡಿಯೋ ಕ್ಯಾಸೆಟ್ಟಿನ ರೂಪದಲ್ಲಿ ಬಾಡಿಗೆಯ ಅಂಗಡಿಯನ್ನು ಸೇರಿ, ಯಾವುದೋ ಮನೆಯ ಟೆಲಿವಿಷನ್ನಿನಲ್ಲಿ ಒಂದು ಸಂಜೆ ಮೂಡಿ ಮರೆಯಾದ ಚಿತ್ರಗಳ ರಾಶಿ ಬಹಳ ದೊಡ್ಡದು. ಕೊಲೆ, ದರೋಡೆ, ಸೇಡು, ಬೆನ್ನಟ್ಟುವಿಕೆ ಇವುಗಳನ್ನೇ ವಸ್ತುವಾಗಿ ಉಳ್ಳ, ಕಡಿಮೆ ಹಣದಲ್ಲಿ ಮುಗಿಸಿದ ಥ್ರಿಲ್ಲರುಗಳಿಗೆ ಈ ರಾಶಿಯಲ್ಲಿ ದೊಡ್ಡ ಪಾಲು ಸಲ್ಲುತ್ತದೆ. ಇವುಗಳ ವಿಷಯದಲ್ಲಿ ವಿದ್ವಾಂಸರು ಎರಡು ಬಗೆಯ ನಿಲುವನ್ನು ತಾಳುವುದುಂಟು. ಇವು ಕಸ, ಚರ್ಚೆಗೆ ಅರ್ಹವಲ್ಲ ಎಂಬುದು ಒಂದು. ಇವು ಬಡ ಚಿತ್ರಗಳು, ಆದ್ದರಿಂದ ಇವುಗಳ ತಪ್ಪನ್ನು ಎಣಿಸಬಾರದು, ನಕ್ಕು ಸವಿಯಬೇಕು ಎಂಬುದು ಇನ್ನೊಂದು. ಮೊದಲನೆಯದು ತಿರಸ್ಕಾರ, ಎರಡನೆಯದು ಕರುಣೆ. ಎರಡೂ ವಿಮರ್ಶೆಯಲ್ಲ. ಕೃತಿಯನ್ನು ತೂಗಿ ನೋಡುವ ಹೊಣೆಯಿಂದ ತಪ್ಪಿಸಿಕೊಳ್ಳುವ ಎರಡು ಉಪಾಯಗಳು, ಅಷ್ಟೆ.

ಪ್ರಸ್ತುತ ಲೇಖನದಲ್ಲಿ ಜಪಾನಿನ ‘ವಿ-ಸಿನಿಮಾ’ ಪರಂಪರೆಯನ್ನು ಮಾತ್ರ ಪರಿಶೀಲನೆಗೆ ಎತ್ತಿಕೊಂಡಿದೆ. ಇದಕ್ಕೆ ಕಾರಣವುಂಟು. ಅನ್ಯದೇಶಗಳಲ್ಲಿ ಇಂಥ ಚಿತ್ರಗಳು ಹೇಳಹೆಸರಿಲ್ಲದೆ ಹುಟ್ಟಿ ಅಳಿದವು. ಜಪಾನಿನಲ್ಲಾದರೋ ಟೋಯೆ ಎಂಬ ಹಳೆಯ ಚಿತ್ರಸಂಸ್ಥೆ ೧೯೮೯ರಲ್ಲಿ ಇವಕ್ಕೊಂದು ಹೆಸರನ್ನು ಕೊಟ್ಟು, ಪ್ರತ್ಯೇಕ ವ್ಯವಸ್ಥೆಯನ್ನು ನಿರ್ಮಿಸಿತು. ಮುಂದೆ ಆ ಹೆಸರೇ ಇಡೀ ಜಾತಿಗೆ ರೂಢಿಯಾಯಿತು. ಅಲೆಕ್ಸಾಂಡರ್ ಜಾಲ್ಟನ್ ಅವರು ೨೦೧೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಪಾನೀ ಚಲಚ್ಚಿತ್ರೋದ್ಯಮದ ರೂಪಾಂತರವನ್ನು ವಿವರಿಸುವಾಗ ವಿ-ಸಿನಿಮಾವನ್ನೂ ಮುಖ್ಯ ಆಧಾರವಾಗಿ ಬಳಸಿಕೊಂಡಿದ್ದಾರೆ. ಉದ್ಯಮದ ಚರಿತ್ರೆ ಅವರ ಕ್ಷೇತ್ರ. ಈ ಚಿತ್ರಗಳ ಆಕರ್ಷಣೆ ಯಾವುದು, ದೋಷ ಯಾವುದು, ಅವೆರಡರ ಮೂಲ ಎಲ್ಲಿದೆ ಎಂಬುದು ನಮ್ಮ ಪ್ರಶ್ನೆ.

೨

ಕೃತಿಯ ರೂಪವನ್ನು ಅರಿಯಲು ಮೊದಲು ಅದರ ವ್ಯಾಪಾರವನ್ನು ಅರಿಯಬೇಕು. ೧೯೭೬ರಲ್ಲಿ ವಿಎಚ್‌ಎಸ್ ಕ್ಯಾಸೆಟ್ಟು ಬಂದ ತರುವಾಯ ಜಪಾನಿನ ಊರೂರಿನಲ್ಲಿಯೂ ಬಾಡಿಗೆಯ ಅಂಗಡಿಗಳು ತಲೆಯೆತ್ತಿದವು. ಅಂಗಡಿಯವರು ಒಂದೊಂದು ಕ್ಯಾಸೆಟ್ಟನ್ನೂ ದುಬಾರಿ ಬೆಲೆ ತೆತ್ತು ಕೊಂಡು, ಗಿರಾಕಿಗಳಿಗೆ ಅಗ್ಗದ ಬಾಡಿಗೆಗೆ ಕೊಡುತ್ತಿದ್ದರು. ಆದಕಾರಣ ತಯಾರಕರ ಪಾಲಿಗೆ ನಿಜವಾದ ಗ್ರಾಹಕನೆಂದರೆ ಪ್ರೇಕ್ಷಕನಲ್ಲ, ಅಂಗಡಿಯವನು. ಅಷ್ಟು ಅಂಗಡಿಗಳು ಒಂದೊಂದು ಪ್ರತಿಯನ್ನು ಕೊಂಡರೆ ಚಿತ್ರದ ಖರ್ಚು ಹುಟ್ಟುತ್ತಿತ್ತು. ಪ್ರೇಕ್ಷಕನು ಮೆಚ್ಚುವನೋ ಇಲ್ಲವೋ ಎಂಬುದು ಅನಂತರದ ಮಾತು. ಈ ವ್ಯವಸ್ಥೆಯ ಫಲ ಎರಡು ಬಗೆಯದು. ಮುಖಪತ್ರದಲ್ಲಿ ಪಿಸ್ತೂಲು, ಪರಿಚಿತ ನಟನ ಮುಖ, ಅಬ್ಬರದ ಹೆಸರು ಇವಿಷ್ಟು ಇದ್ದರೆ ಒಳಗೆ ಏನಿದ್ದರೂ ನಡೆಯುತ್ತದೆಂಬ ಅಲಕ್ಷ್ಯಕ್ಕೆ ಅದು ಎಡೆಗೊಟ್ಟಿತು. ಅದೇ ಕಾರಣದಿಂದ, ಒಳಗೆ ತನ್ನ ಮನಸ್ಸಿಗೆ ಬಂದುದನ್ನು ಮಾಡಿ ನೋಡುವ ಸ್ವಾತಂತ್ರ್ಯವೂ ನಿರ್ದೇಶಕನಿಗೆ ದೊರೆಯಿತು. ಅಲಕ್ಷ್ಯವೂ ಸ್ವಾತಂತ್ರ್ಯವೂ ಒಂದೇ ತಾಯಿಯ ಮಕ್ಕಳೆಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ಅಂಶವೂ ಗಮನಾರ್ಹ. ಮನೆಯಲ್ಲಿ ಚಿತ್ರವನ್ನು ನೋಡುವವನ ಕೈಯಲ್ಲಿ ರಿಮೋಟು ಇರುತ್ತದೆ. ಬೇಸರವಾದೊಡನೆ ಅವನು ಚಿತ್ರವನ್ನು ಮುಂದಕ್ಕೆ ಓಡಿಸಬಲ್ಲನು. ಹೀಗೆ ಓಡಿಸದೆ ನೋಡುವಂಥ ಚಿತ್ರವನ್ನು ಕೊಡಬೇಕೆಂಬುದೇ ಟೋಯೆಯವರ ಆರಂಭದ ಸಂಕಲ್ಪವಾಗಿತ್ತು. ಈ ಮಾಲಿಕೆಯ ಮೊದಲ ಕೃತಿಯಾದ ‘ಕ್ರೈಮ್ ಹಂಟರ್’ (೧೯೮೯, ನಿರ್ದೇಶನ ತೋಷಿಮಿಚಿ ಓಕಾವಾ) ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಜೊತೆಗಾರನನ್ನು ಕಳೆದುಕೊಂಡ ಪತ್ತೇದಾರನ ಸೇಡಿನ ಕಥೆ ಅದು. ಪೀಠಿಕೆಯಿಲ್ಲ, ಉಪಕಥೆಯಿಲ್ಲ, ಹಾಡಿಲ್ಲ. ರಂಗಕ್ಕೆ ಬಂದವನು ಒಂದು ಕೆಲಸವನ್ನು ಮಾಡದೆ ಮರೆಯಾಗುವುದಿಲ್ಲ. ಇಂಥ ಬಿಗಿಯಾದ ಬಂಧ ದೊಡ್ಡ ಖರ್ಚಿನ ಚಿತ್ರಗಳಲ್ಲಿ ಅಪೂರ್ವವೆಂದೇ ಹೇಳಬೇಕು.

೩

ಈ ಚಿತ್ರಗಳ ಆಕರ್ಷಣೆಯ ಮೊದಲನೆಯ ಕಾರಣ ಈ ಮಿತವ್ಯಯ. ಇದು ಹಣದ ಮಿತವ್ಯಯ ಮಾತ್ರವಲ್ಲ, ಕಥನದ ಮಿತವ್ಯಯವೂ ಹೌದು. ಶುನಿಚಿ ನಾಗಾಸಾಕಿಯವರ ‘ಸ್ಟ್ರೇಂಜರ್’ (೧೯೯೧) ಇದಕ್ಕೆ ಉತ್ತಮ ನಿದರ್ಶನ. ನಲ್ಲನಿಗಾಗಿ ಬ್ಯಾಂಕಿನ ಹಣವನ್ನು ಅಪಹರಿಸಿ ಸೆರೆಮನೆಯನ್ನು ಕಂಡುಬಂದ ಹೆಂಗಸೊಬ್ಬಳು ಟೋಕಿಯೋ ನಗರದಲ್ಲಿ ರಾತ್ರಿಯ ಹೊತ್ತು ಟ್ಯಾಕ್ಸಿ ನಡೆಸಿ ಬದುಕುತ್ತಾಳೆ. ಜೀಪಿನಂಥ ದೊಡ್ಡ ವಾಹನವೊಂದು ಅವಳನ್ನು ಬೆನ್ನಟ್ಟುತ್ತದೆ. ಅದನ್ನು ನಡೆಸುವವನ ಮುಖ ಕಾಣದು. ಇದಕ್ಕೆ ಬೇಕಾದ ಸಾಮಗ್ರಿ ಏನು? ಒಂದು ಕಾರು, ರಾತ್ರಿಯ ರಸ್ತೆ, ಯೂಕೋ ನಾತೋರಿ ಎಂಬ ಒಬ್ಬ ಸಮರ್ಥ ನಟಿ. ಆದರೆ ಕಾರಿನ ಇಕ್ಕಟ್ಟೇ ಅವಳ ಬಾಳಿನ ಇಕ್ಕಟ್ಟಾಗಿ, ಹಿಂದೆ ನೋಡುವ ಕನ್ನಡಿಯೇ ಅವಳನ್ನು ಬಿಡದ ಗತಕಾಲವಾಗಿ ಪರಿಣಮಿಸುತ್ತದೆ. ಭಯಾನಕಕ್ಕೆ ಇದಕ್ಕಿಂತ ಹೆಚ್ಚಿನ ಉದ್ದೀಪನ ಬೇಕಿಲ್ಲ. ಇಲ್ಲಿ ಬಡತನ ಕೊರತೆಯಾಗಿ ಉಳಿಯದೆ ವಿಧಾನವಾಗಿದೆ.

ಎರಡನೆಯದು, ಕಾಲಕ್ಕೆ ಕೂಡಲೇ ಓಗೊಡುವ ಶಕ್ತಿ. ಬೇಗನೆ ತಯಾರಾಗುವ ಚಿತ್ರ ತನ್ನ ಕಾಲದ ಧೂಳನ್ನು ಮೈಗೆ ಹತ್ತಿಸಿಕೊಂಡೇ ಬರುತ್ತದೆ. ಹೊರದೇಶಗಳಲ್ಲಿ ನೆಲಸಿದ್ದ ಜಪಾನೀ ಮೂಲದವರು ಬಂದು ದುಡಿಯಲು ಅನುಕೂಲವಾಗುವಂತೆ ಜಪಾನು ತನ್ನ ವಲಸೆಯ ಕಾನೂನನ್ನು ಸಡಿಲಿಸಿದ್ದು ೧೯೯೦ರಲ್ಲಿ ಜಾರಿಗೆ ಬಂತು. ಮರುವರ್ಷವೇ ಕಜುಹಿರೋ ಕಿಯುಚಿಯವರ ‘ಕಾರ್ಲೋಸ್’ ಬ್ರೆಜಿಲಿನಿಂದ ಬಂದ ಅಂಥ ಒಬ್ಬನನ್ನು, ಎತ್ತಲೂ ಸಲ್ಲದ ಪಾತಕಿಯನ್ನು, ನಾಯಕನನ್ನಾಗಿ ನಿಲ್ಲಿಸಿತು. ಜಪಾನಿನ ಷೇರುಪೇಟೆ ಶಿಖರವನ್ನು ಮುಟ್ಟಿದ್ದು ೧೯೮೯ರ ಡಿಸೆಂಬರಿನಲ್ಲಿ. ಆ ಬಳಿಕ ಅದು ಕುಸಿದು ಸಾಲದ ಸುಳಿಯಲ್ಲಿ ಸಿಕ್ಕ ಜನಕ್ಕೆ ೧೯೯೨ರಲ್ಲಿ ಮೊದಲಾದ ‘ಮಿನಾಮಿಯ ಚಕ್ರವರ್ತಿ’ ಮಾಲಿಕೆ ತಮ್ಮದೇ ಕಥೆಯಾಗಿ ಕಂಡಿರಬೇಕು. ರಿಕಿ ತಾಕೆಯುಚಿ ಅಭಿನಯಿಸಿದ ಅದರ ನಾಯಕ ಒಸಾಕಾ ನಗರದ ಬಡ್ಡಿ ವ್ಯಾಪಾರಿ. ಹತ್ತು ದಿನಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ ಕೀಳುವವನು. ಅಂಥವನು ತನಗಿಂತಲೂ ನೀಚರಾದ ವಂಚಕರ ಕೈಯಿಂದ ಹಣವನ್ನು ಕಕ್ಕಿಸುವ ಕಥೆಗಳು ೨೦೦೭ರವರೆಗೆ ಸುಮಾರು ೬೦ ಕಂತುಗಳಾಗಿ ಹರಿದುಬಂದವು. ಸಾಲದ ಪತ್ರ, ಜಾಮೀನು, ಒತ್ತೆ ಇವುಗಳ ಒಳಸುಳಿಗಳನ್ನು ಇಷ್ಟು ವಿವರವಾಗಿ ಬಳಸಿಕೊಂಡ ಜನಪ್ರಿಯ ಕಥನಗಳು ವಿರಳ.

ಮೂರನೆಯದು, ನಾಯಕನ ಅಲ್ಪತೆ. ಬಾನ್ಮೇ ತಾಕಾಹಾಷಿಯವರ ‘ನಿಯೋ ಚಿಂಪಿರಾ’ (೧೯೯೦) ಚಿತ್ರದಲ್ಲಿ ಶೋ ಐಕಾವಾ ವಹಿಸಿರುವುದು ಯಾಕೂಜಾ ತಂಡದ ಕಟ್ಟಕಡೆಯ ಮೆಟ್ಟಿಲಿನಲ್ಲಿರುವ ಹುಡುಗನ ಪಾತ್ರ. ಶತ್ರುವನ್ನು ಕೊಂದು ತಾನೂ ಬಲಿಯಾಗತಕ್ಕವನನ್ನು ಆ ಲೋಕದ ಭಾಷೆಯಲ್ಲಿ ‘ಗುಂಡು’ ಎಂದೇ ಕರೆಯುತ್ತಾರೆ. ಗುಂಡಾಗಲು ನೇಮಕವಾದ ಆ ಹುಡುಗನ ಹೆದರಿಕೆ, ಅವನ ಕಾಲಹರಣ, ಜಂಬದ ಮಾತು ಇವೇ ಚಿತ್ರದ ವಸ್ತು. ವೀರನೆಂದು ಹೇಳಿಸಿಕೊಳ್ಳಲು ಹೊರಟವನ ಅಂಜಿಕೆಯನ್ನು ಹೀಗೆ ನಗೆಯೊಡನೆ ಬೆರೆಸಿ ತೋರಿಸುವ ಧೈರ್ಯ ಹೆಚ್ಚು ಹಣ ಹೂಡಿದವರಿಗೆ ಸುಲಭವಾಗಿ ಬರುವುದಿಲ್ಲ.

೪

ಇನ್ನು ದೋಷಗಳ ವಿಚಾರ. ಇವುಗಳಲ್ಲಿ ಕೆಲವು ಮೇಲುನೋಟದವು. ಬೆಳಕು ಸಾಲದು, ಧ್ವನಿ ಒಡೆದಿದೆ, ಗುಂಪಿರಬೇಕಾದೆಡೆ ನಾಲ್ವರಿದ್ದಾರೆ, ಒಂದೇ ಗೋದಾಮು ಮೂರು ಚಿತ್ರಗಳಲ್ಲಿ ಬರುತ್ತದೆ ಎಂಬ ಆಕ್ಷೇಪಗಳು ಈ ವರ್ಗದವು. ಬರಿಯ ರಂಗದ ಮೇಲೆ ಒಂದು ಪೀಠವನ್ನಿಟ್ಟು ಅದನ್ನೇ ಅರಮನೆಯೆಂದು ಒಪ್ಪುವ ಪ್ರೇಕ್ಷಕನಿಗೆ ಇವು ರಸಭಂಗಕಾರಿಗಳಲ್ಲ. ನಿಜವಾದ ದೋಷಗಳು ಬೇರೆಯೇ ಇವೆ.

ಮೊದಲನೆಯದು ಔಚಿತ್ಯಭಂಗ. ೧೯೫೮ರ ಶಾಸನದಂತೆ ಜಪಾನಿನಲ್ಲಿ ಸಾಮಾನ್ಯ ಪ್ರಜೆ ಪಿಸ್ತೂಲನ್ನು ಇಟ್ಟುಕೊಳ್ಳುವಂತಿಲ್ಲ. ಆದರೂ ಈ ಚಿತ್ರಗಳಲ್ಲಿ ಬೀದಿಬೀದಿಗೂ ಗುಂಡಿನ ಮಳೆ. ‘ಕ್ರೈಮ್ ಹಂಟರ್’ ತನ್ನ ಕಥೆಯನ್ನು ‘ಲಿಟ್ಲ್ ಟೋಕಿಯೋ’ ಎಂಬ ಕಲ್ಪಿತ ನಗರದಲ್ಲಿರಿಸಿ ಈ ಆಕ್ಷೇಪಣೆಯಿಂದ ಪಾರಾಯಿತು. ಅನುಕರಿಸಿದವರು ಆ ಎಚ್ಚರವನ್ನು ಬಿಟ್ಟು ಗುಂಡುಗಳನ್ನು ಮಾತ್ರ ಉಳಿಸಿಕೊಂಡರು. ಅಮೆರಿಕದ ಚಿತ್ರಗಳ ಹೊರಚಿಪ್ಪು ಬಂತು, ಅಲ್ಲಿಯ ಬಾಳಿನಲ್ಲಿ ಅದಕ್ಕಿದ್ದ ಬೇರು ಬರಲಿಲ್ಲ.

ಎರಡನೆಯದು ಸ್ತ್ರೀಪಾತ್ರಗಳ ದುರ್ಬಳಕೆ. ಪಾತಕಿಯಾದ ಅಥವಾ ಸೇಡಿನ ಸ್ತ್ರೀಯನ್ನು ನಾಯಿಕೆಯಾಗಿ ಉಳ್ಳ ಮಾಲಿಕೆಗಳು ಇಲ್ಲಿ ಹಲವಿವೆ. ಅವಳ ಕೈಗೆ ಆಯುಧವನ್ನು ಕೊಟ್ಟುದರಿಂದ ಅವಳಿಗೆ ಸ್ವಾತಂತ್ರ್ಯ ಬಂತೆಂದು ಭಾವಿಸಬಾರದು. ಬಹುಪಾಲು ಚಿತ್ರಗಳಲ್ಲಿ ಅವಳ ವೇದನೆ ಕಥೆಗೆ ಬೇಕಾಗಿ ಬಂದುದಲ್ಲ, ಕ್ಯಾಸೆಟ್ಟಿನ ಮುಖಪತ್ರಕ್ಕೆ ಬೇಕಾಗಿ ಬಂದುದು. ಅವಳನ್ನು ಹಿಂಸಿಸುವ ದೃಶ್ಯದಲ್ಲಿ ಕ್ಯಾಮೆರಾ ಯಾರ ಪಕ್ಷದಲ್ಲಿ ನಿಂತಿದೆಯೆಂದು ಕೇಳಿಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ. ‘ಸ್ಟ್ರೇಂಜರ್’ ಚಿತ್ರದ ಟ್ಯಾಕ್ಸಿಯಲ್ಲಿ ಕುಳಿತ ಹೆಂಗಸನ್ನು ಇವರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುವುದು. ಅವಳು ನೋಡಿಸಿಕೊಳ್ಳುವವಳಲ್ಲ, ನೋಡುವವಳು.

ಮೂರನೆಯದೂ ಅತ್ಯಂತ ಗುರುತರವಾದುದೂ ಮರಣದ ಲಘುತ್ವ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಚಿತ್ರಗಳಲ್ಲಿ ಅನುಭಾವಗಳ ರಾಶಿಯೇ ಇದೆ, ವಿಭಾವ ಮಾತ್ರ ಬಡವಾಗಿದೆ. ಕಣ್ಣು ಕೆಂಪಾಗುತ್ತದೆ, ರಕ್ತ ಚಿಮ್ಮುತ್ತದೆ, ನಾಯಕನು ಅಬ್ಬರಿಸುತ್ತಾನೆ. ಆದರೆ ಇಷ್ಟು ಕ್ರೋಧಕ್ಕೆ ಆಲಂಬನ ಯಾರು? ಮೊದಲ ಹತ್ತು ನಿಮಿಷಗಳಲ್ಲಿ ಸತ್ತ ಗೆಳೆಯನೋ ತಮ್ಮನೋ ನಮಗೆ ಪರಿಚಯವೇ ಆಗಿರುವುದಿಲ್ಲ. ಅವನು ಬಾಳಿದವನಲ್ಲ, ಸೇಡಿಗೆ ನೆಪವಾಗಿ ಸತ್ತವನು. ಹೀಗಾಗಿ ರೌದ್ರವು ಸ್ಥಾಯಿಯನ್ನು ಮುಟ್ಟದೆ ಗದ್ದಲವಾಗಿ ಕರಗಿಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅನುಭಾವಕ್ಕೆ ಹಣ ಬೇಕು. ಸ್ಫೋಟ, ಕಾರುಗಳ ಡಿಕ್ಕಿ, ನೂರು ಜನರ ಹೋರಾಟ ಇವೆಲ್ಲ ಖರ್ಚಿನ ಬಾಬು. ವಿಭಾವಕ್ಕೆ ಹಣ ಬೇಡ. ಸಾಯಲಿರುವವನನ್ನು ಐದು ನಿಮಿಷ ಬದುಕಿರುವಂತೆ ತೋರಿಸಲು ಒಂದು ಕೊಠಡಿ, ನಾಲ್ಕು ಮಾತು ಸಾಕು. ಆದ್ದರಿಂದ ಈ ಚಿತ್ರಗಳು ಎಡವಿರುವುದು ಹಣ ಬೇಕಾದ ಎಡೆಯಲ್ಲಲ್ಲ, ಹಣ ಬೇಡದ ಎಡೆಯಲ್ಲಿ. ಬಡತನವನ್ನು ಮುಂದೊಡ್ಡಿ ಕ್ಷಮೆ ಕೇಳುವ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

೫

ಇದು ಕೇವಲ ತರ್ಕವಲ್ಲ ಎಂಬುದಕ್ಕೆ ಅದೇ ಪರಂಪರೆಯಲ್ಲಿ ಪ್ರಮಾಣವುಂಟು. ಕಿಯೋಷಿ ಕುರೋಸಾವಾ (ಪ್ರಸಿದ್ಧರಾದ ಅಕಿರ ಕುರೋಸಾವಾ ಅವರಿಗೆ ಇವರು ಬಂಧುವಲ್ಲ) ವಿಡಿಯೋ ಚಿತ್ರಗಳ ಅಂಗಳದಲ್ಲಿ ಹಲವು ವರ್ಷ ದುಡಿದವರು. ೧೯೯೮ರಲ್ಲಿ ಹೊರಬಂದ ‘ಸರ್ಪದ ಹಾದಿ’, ‘ಜೇಡನ ಕಣ್ಣು’ ಎಂಬ ಎರಡು ಚಿತ್ರಗಳನ್ನು ಅವರು ಒಂದರ ಬೆನ್ನಿಗೊಂದಾಗಿ ಚಿತ್ರಿಸಿದರು. ಎರಡರಲ್ಲಿಯೂ ಮುಖ್ಯನಟ ಶೋ ಐಕಾವಾ. ಎರಡಕ್ಕೂ ಬೀಜ ಒಂದೇ, ಮಗಳನ್ನು ಕೊಲೆಗಡುಕರಿಗೆ ಕಳೆದುಕೊಂಡ ತಂದೆಯ ಸೇಡು. ಹಣ, ಮಾರುಕಟ್ಟೆ, ಅವಸರ ಎಲ್ಲವೂ ಇತರ ವಿಡಿಯೋ ಚಿತ್ರಗಳಿಗೆ ಇದ್ದಂಥವೇ.

‘ಸರ್ಪದ ಹಾದಿ’ಯಲ್ಲಿ ತಂದೆಯೂ (ತೆರುಯುಕಿ ಕಾಗಾವಾ) ಅವನ ಸಹಾಯಕನಾದ ಗಣಿತದ ಉಪಾಧ್ಯಾಯನೂ (ಐಕಾವಾ) ಪಾತಕಿಯೊಬ್ಬನನ್ನು ಹಿಡಿದು ತಂದು ಪಾಳುಬಿದ್ದ ಗೋದಾಮಿನ ಗೋಡೆಗೆ ಸರಪಳಿಯಿಂದ ಬಿಗಿಯುತ್ತಾರೆ. ಬಳಿಕ ಅವನ ಮುಂದೆ ಒಂದು ಟೆಲಿವಿಷನ್ನನ್ನು ತಂದಿಟ್ಟು, ಸತ್ತ ಮಗುವಿನ ವಿಡಿಯೋವನ್ನು ಹಚ್ಚಿ, ಅವಳು ಸತ್ತ ಬಗೆಯ ವರದಿಯನ್ನು ತಂದೆಯೇ ಓದುತ್ತಾನೆ. ಇಲ್ಲಿ ಆಡುವ ಮಗು ಕ್ಷಣಮಾತ್ರ ನಮ್ಮ ಕಣ್ಣೆದುರಿಗೆ ಬದುಕುತ್ತದೆ. ವಿಭಾವ ಪುಷ್ಟವಾಗುತ್ತದೆ. ಅಷ್ಟೇ ಅಲ್ಲ, ಮನೆಯ ಟೆಲಿವಿಷನ್ನಿನಲ್ಲಿ ಬಾಡಿಗೆಯ ಕ್ಯಾಸೆಟ್ಟನ್ನು ನೋಡುತ್ತಿರುವವನಿಗೆ ತಾನೂ ಆ ಕೈದಿಯಂತೆಯೇ ಒಂದು ಪೆಟ್ಟಿಗೆಯ ಮುಂದೆ ಕುಳಿತಿರುವುದು ನೆನಪಾಗದೆ ಇರದು. ಆ ತಂದೆಯೂ ಕೊಲೆಗಡುಕರ ವ್ಯವಹಾರದಿಂದ ಪೂರ್ತಿ ಹೊರಗಿದ್ದವನಲ್ಲವೆಂದು ಕಡೆಗೆ ತಿಳಿದುಬಂದಾಗ, ಹಿಂಸೆಯನ್ನು ಸರಕಾಗಿ ಮಾರುವವರೂ ಕೊಳ್ಳುವವರೂ ಒಟ್ಟಿಗೆ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಈ ಜಾತಿಯ ಚಿತ್ರ ತನ್ನನ್ನು ತಾನೇ ವಿಚಾರಣೆಗೆ ಒಳಪಡಿಸಿಕೊಂಡ ಘಟ್ಟವಿದು.

‘ಜೇಡನ ಕಣ್ಣು’ ಇದಕ್ಕೆ ಪೂರಕ. ಅಲ್ಲಿ ಸೇಡು ಆರಂಭದಲ್ಲಿಯೇ ತೀರಿಹೋಗುತ್ತದೆ. ಇತರ ಚಿತ್ರಗಳು ಮುಗಿಯುವಲ್ಲಿ ಇದು ಮೊದಲಾಗುತ್ತದೆ. ಕೊಂದ ಮೇಲೆ ಆ ಮನುಷ್ಯ ಮಾಡುವುದೇನು? ಹಳೆಯ ಗೆಳೆಯನ ಜೊತೆ ಸೇರಿ ಕೂಲಿಗೆ ಕೊಲೆ ಮಾಡುವ ತಂಡದಲ್ಲಿ ಕಾಲ ಕಳೆಯುತ್ತಾನೆ. ಕೆಲಸವಿಲ್ಲದ ಹೊತ್ತಿನಲ್ಲಿ ಮೀನು ಹಿಡಿಯುವುದು, ಕಚೇರಿಯಲ್ಲಿ ಚಕ್ರದ ಬೂಟು ತೊಟ್ಟು ಸುತ್ತುವುದು. ನಗು ಬರುವ ಈ ದೃಶ್ಯಗಳ ಅಡಿಯಲ್ಲಿ ಹರಿಯುವ ಶೂನ್ಯವನ್ನು ಗುರುತಿಸದಿರುವುದು ಅಸಾಧ್ಯ. ರೌದ್ರ ಆರಿದ ಮೇಲೆ ಉಳಿಯುವ ಬೂದಿಯನ್ನು ಕೈಯಲ್ಲಿ ಹಿಡಿದು ತೋರಿಸಿದಂತಿದೆ.

ಕುರೋಸಾವಾ ಅವರು ೨೦೨೪ರಲ್ಲಿ ‘ಸರ್ಪದ ಹಾದಿ’ಯನ್ನು ಫ್ರಾನ್ಸಿನಲ್ಲಿ ಮತ್ತೊಮ್ಮೆ ಚಿತ್ರಿಸಿದರು. ಕ್ಯಾಸೆಟ್ಟಿನ ಅಂಗಡಿಗಾಗಿ ಹುಟ್ಟಿದ ವಸ್ತು ೨೬ ವರ್ಷಗಳ ಅನಂತರವೂ ಅದರ ಕರ್ತೃವಿನ ಮನಸ್ಸಿನಲ್ಲಿ ಜೀವದಿಂದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷ್ಯ ಬೇಡ. ಕ್ಯಾಸೆಟ್ಟಿನ ಕಾಲ ಮುಗಿದಿದೆ. ಅಂತರಜಾಲದ ಮೂಲಕ ಮನೆಗೆ ಬರುವ ಅಪರಾಧಕಥೆಗಳ ಖರ್ಚು ಹೆಚ್ಚಿದೆ, ಬೆಳಕು ಧ್ವನಿಗಳು ನಿರ್ದುಷ್ಟವಾಗಿವೆ. ಆದರೆ ಮೊದಲ ಹತ್ತು ನಿಮಿಷಗಳಲ್ಲಿ ಪರಿಚಯವಿಲ್ಲದವನೊಬ್ಬನನ್ನು ಕೊಂದು ನೋಡುವವನನ್ನು ಹಿಡಿದಿಡುವ ರೂಢಿ ಅವುಗಳಲ್ಲಿಯೂ ಅಳಿದಿಲ್ಲ. ಅಲ್ಪವ್ಯಯದ ಚಿತ್ರಗಳ ಅಧ್ಯಯನದಿಂದ ನಮಗೆ ದೊರೆಯುವ ಒರೆಗಲ್ಲು ಇಲ್ಲಿಯೂ ಸಲ್ಲುತ್ತದೆ. ಹಣದಿಂದ ಬರಬಹುದಾದುದು ಬಂದಿಲ್ಲವೆಂದು ಕೃತಿಯನ್ನು ಹಳಿಯುವುದು ಅನ್ಯಾಯ. ಹಣವಿಲ್ಲದೆಯೇ ಬರಬಹುದಾಗಿದ್ದ ಅನುಕಂಪ, ಪೂರ್ವಸಿದ್ಧತೆ, ಸತ್ತವನ ಬಗೆಗೆ ಒಂದಿಷ್ಟು ಗೌರವ ಇವು ಇಲ್ಲದಿದ್ದಾಗ ಅದನ್ನು ಮನ್ನಿಸುವುದೂ ಅಷ್ಟೇ ಅನ್ಯಾಯ.